ಎರಡು ಹೆಜ್ಜೆಗಳ ನಡುವೆ

ಯುವ ಮಿತ್ರರೇ, ನಿಮ್ಮಲ್ಲಿ ಹಲವರ ದುಡಿಮೆ ಕಂಪ್ಯೂಟರಿನೊಂದಿಗೇ. ಲಿನಕ್ಸ್ ಕರ್ನಲ್‌ನಲ್ಲಿ ವರ್ಷಗಟ್ಟಲೆ ಅವಿತಿದ್ದ ‘ಡರ್ಟಿ ಕೌ’ ದೋಷದ ಕಥೆ ಕೇಳಿ. ಇಲ್ಲಿ ‘ಕೌ’ ಹಸುವಲ್ಲ. ‘ಕಾಪಿ ಆನ್ ರೈಟ್’, ಅಂದರೆ ಬರೆಯುವಾಗ ನಕಲು.

ಓದಲಷ್ಟೇ ಅನುಮತಿಯಿರುವ ಫೈಲಿನ ಪುಟವನ್ನು ಮೆಮೊರಿಯಲ್ಲಿ ತಿದ್ದಹೊರಟವರಿಗೆ ಕರ್ನಲ್ ಬೇರೆ ನಕಲು ಕೊಡುತ್ತದೆ, ಮೂಲ ಭದ್ರ. ಆದರೆ ನಕಲು ಮಾಡುವುದು ಒಂದು ಹೆಜ್ಜೆ, ಅದರಲ್ಲಿ ಬರೆಯುವುದು ಇನ್ನೊಂದು. ಆ ನಡುವೆ ಅದೇ ಪ್ರೋಗ್ರಾಮಿನ ಮತ್ತೊಂದು ಥ್ರೆಡ್ ನಕಲನ್ನು ಎಸೆದುಬಿಟ್ಟರೆ? ನಕಲು ಇದೆಯೆಂದೇ ನಂಬಿದ ಕರ್ನಲ್ ಮೂಲಕ್ಕೇ ಬರೆಯುತ್ತಿತ್ತು! ಬೀಗವೇನೋ ಇತ್ತು. ಆದರೆ ಇಬ್ಬರೂ ಹಿಡಿದದ್ದು ಓದುಗರ ಬೀಗ. ಓದುಗರು ಎಷ್ಟು ಜನ ಬಂದರೂ ಅದು ತಡೆಯದು. ಹೀಗೆ ಸಾಮಾನ್ಯ ಬಳಕೆದಾರನೂ ಇಡೀ ಯಂತ್ರದ ಯಜಮಾನನಾಗಬಹುದಿತ್ತು.

ಲಿನಸ್ ಟೋರ್ವಾಲ್ಡ್ಸ್ 2005ರಲ್ಲೇ ಇದನ್ನು ಸರಿಪಡಿಸಲು ನೋಡಿದ್ದರು. ಐಬಿಎಂನ ದೊಡ್ಡ ಯಂತ್ರಗಳಲ್ಲಿ ತೊಂದರೆಯಾಗಿ ಆ ತಿದ್ದುಪಡಿಯನ್ನು ಹಿಂತೆಗೆಯಲಾಯಿತು. ಆಗ ಬರಿಯ ಊಹೆಯೆನಿಸಿದ್ದು, ಕರ್ನಲ್ ಬೆಳೆದಂತೆ ನಿಜವಾಯಿತು. 2016ರಲ್ಲಿ ಫಿಲ್ ಓಸ್ಟರ್ ಸರ್ವರಿಗೆ ಬಂದದ್ದನ್ನೆಲ್ಲ ದಾಖಲಿಸಿಟ್ಟಿದ್ದರಿಂದ ದಾಳಿಯ ಪ್ರೋಗ್ರಾಮೇ ಕೈಗೆ ಸಿಕ್ಕಿತು. ಅಕ್ಟೋಬರಿನಲ್ಲಿ ಪರಿಹಾರವೂ ಬಂತು. ಅದರಲ್ಲೂ ಕೊರತೆಯಿದ್ದುದು 2017ರಲ್ಲಿ ತಿಳಿಯಿತು.

ಇಂಥ ದೋಷ ಕರೆದಾಗಲೆಲ್ಲ ಮುಖ ತೋರಿಸುವುದಿಲ್ಲ. ಪರೀಕ್ಷೆಯಲ್ಲಿ ಸಿಗಲಿಲ್ಲವೆಂದು ಇಲ್ಲವೆನ್ನಬೇಡಿ. ಎರಡು ಹೆಜ್ಜೆಗಳ ನಡುವೆ ಯಾರು ನುಸುಳಬಲ್ಲರೆಂದು ಕೇಳಿಕೊಳ್ಳಿ.