ಗಿಣ್ಣು ಮೊದಲು, ಬಾಟಲಿ ಆಮೇಲೆ

ಹಸು ಈದ ಮನೆಯಿಂದ ಬಂದ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಹೆಪ್ಪು ಹಾಕಿರುವುದಿಲ್ಲ, ಹಿಟ್ಟು ಬೆರೆಸಿರುವುದಿಲ್ಲ. ಮಾಮೂಲಿ ಹಾಲನ್ನು ಎಷ್ಟು ಹೊತ್ತು ಬೇಯಿಸಿದರೂ ಕೆನೆ ಕಟ್ಟೀತೇ ಹೊರತು ಹೀಗೆ ಬಿಗಿಯುವುದಿಲ್ಲ. ಗಿಣ್ಣಿನಲ್ಲಿ ಬಿಸಿ ತಾಗಿದೊಡನೆ ಗಟ್ಟಿಯಾಗುವ ಪ್ರೋಟೀನುಗಳು ತುಂಬಿರುತ್ತವೆ. ಅವುಗಳಲ್ಲಿ ದೊಡ್ಡ ಪಾಲು ಇಮ್ಯುನೊಗ್ಲಾಬ್ಯುಲಿನ್, ಅಂದರೆ ತನ್ನ ಕೊಟ್ಟಿಗೆಯ ರೋಗಾಣುಗಳ ಜೊತೆ ಹೋರಾಡುತ್ತಾ ಹಸು ಗಳಿಸಿಕೊಂಡ ಪ್ರತಿಕಾಯಗಳು. ಮೊದಲ ಕರಾವಿನ ಗಿಣ್ಣಿನಲ್ಲಿ ನೂರಕ್ಕೆ ಸುಮಾರು 24 ಪಾಲು ಘನಾಂಶ, 14 ಪಾಲು ಪ್ರೋಟೀನು. ಮಾಮೂಲಿ ಹಾಲಿನಲ್ಲಿ ಇವು 13 ಮತ್ತು 3ರ ಆಸುಪಾಸು. ಮೂರನೆಯ ಕರಾವಿನ ಹೊತ್ತಿಗೇ ಗಿಣ್ಣಿನ ಪ್ರೋಟೀನು 5ರ ಸಮೀಪಕ್ಕೆ ಇಳಿದಿರುತ್ತದೆ. ಮೊದಲ ದಿನದ ಗಿಣ್ಣಿಗೆ ಸಾಕಷ್ಟು ಹಾಲು ಬೆರೆಸಬೇಕು, ಇಲ್ಲದಿದ್ದರೆ ರಬ್ಬರಿನಂತಾಗುತ್ತದೆ. ಮೂರನೆಯ ದಿನದ್ದಕ್ಕೆ ಬೆರೆಸಿದರೆ ನಿಲ್ಲುವುದೇ ಇಲ್ಲ ಎಂದು ನಮ್ಮ ಅಡುಗೆಮನೆಗಳಿಗೆ ಗೊತ್ತು. ಪಶುವೈದ್ಯರು ಘನಾಂಶ ಅಳೆಯುವ ಬ್ರಿಕ್ಸ್ ಮಾಪಕಕ್ಕೆ ಗಿಣ್ಣಿನ ಒಂದು ಹನಿ ಹಾಕಿ 22ಕ್ಕಿಂತ ಮೇಲಿದ್ದರೆ ಉತ್ತಮ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕವನ್ನು ಅಜ್ಜಿಯರು ಪಾತ್ರೆ ಅಲುಗಾಡಿಸಿ ನೋಡಿ ಹೇಳುತ್ತಿದ್ದರು. ಎರಡೂ ಒಂದೇ ವಸ್ತುವಿನ ಅಳತೆ ಎಂಬುದು ಎಷ್ಟು ಸಲ ಯೋಚಿಸಿದರೂ ಬೆರಗು ಹುಟ್ಟಿಸುವ ಸಂಗತಿ. ಆದರೆ ತಟ್ಟೆಯಲ್ಲಿ ಗಿಣ್ಣು ಗಟ್ಟಿಯಾಗಿದೆ ಎಂದರೆ ಆ ಪ್ರತಿಕಾಯಗಳು ಬೆಂದು ಕೆಟ್ಟಿವೆ ಎಂದೇ ಅರ್ಥ. ತಿನ್ನುವ ನಮಗೆ ಅದರಿಂದ ನಷ್ಟವಿಲ್ಲ. ಕರುವಿನ ಲೆಕ್ಕ ಬೇರೆ.

ಮನುಷ್ಯರ ಮಗು ತಾಯಿಯ ಪ್ರತಿಕಾಯಗಳನ್ನು ಗರ್ಭದಲ್ಲೇ ರಕ್ತದ ಮೂಲಕ ಪಡೆದು ಹುಟ್ಟುತ್ತದೆ. ಹಸುವಿನ ಮಾಸಿನ ರಚನೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಕರು ಭೂಮಿಗೆ ಬೀಳುವಾಗ ಅದರ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ. ಬರಬೇಕಾದದ್ದೆಲ್ಲ ಗಿಣ್ಣಿನಿಂದಲೇ ಬರಬೇಕು. ಹುಟ್ಟಿದ ಕೆಲವು ಗಂಟೆ ಕರುವಿನ ಸಣ್ಣಕರುಳು ಈ ದೊಡ್ಡ ಪ್ರೋಟೀನುಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆರು ಗಂಟೆ ಕಳೆಯುವಷ್ಟರಲ್ಲಿ ಆ ಶಕ್ತಿ ಬಹಳಷ್ಟು ಕುಂದಿ, ಒಂದು ದಿನದಲ್ಲಿ ನಿಂತೇಹೋಗುತ್ತದೆ. 1922ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ರಾಕ್‌ಫೆಲರ್ ಸಂಸ್ಥೆಯ ಥಿಯೋಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಕೆಲವು ಕರುಗಳಿಗೆ ಗಿಣ್ಣು ಕೊಟ್ಟು, ಕೆಲವಕ್ಕೆ ಕೊಡದೆ ಬೆಳೆಸಿ ನೋಡಿದರು. ಗಿಣ್ಣು ಸಿಗದವುಗಳಲ್ಲಿ ಹೆಚ್ಚಿನವು ಸತ್ತವು. ನೂರು ವರ್ಷ ದಾಟಿದರೂ ಆ ಪ್ರಯೋಗದ ಪಾಠ ಹಳತಾಗಿಲ್ಲ. ಹೊಸದಾಗಿ ಕರು ಸಾಕಲು ಹೊರಟವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಲೀಟರ್ ಕೊಡಬೇಕು, ಯಾವ ನಿಪ್ಪಲ್ ಒಳ್ಳೆಯದು, ಹಾಲಿನ ಪುಡಿ ಆಗುತ್ತದೆಯೇ ಎಂದು. ಅವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಬಾಟಲಿ ಕೈಗೆ ಬರುವ ಮೊದಲೇ ಕರುವಿನ ಭವಿಷ್ಯ ಬಹುಪಾಲು ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸುವುದು ಹಾಲಿನ ಅಳತೆಗಿಂತ ಹೆಚ್ಚಾಗಿ ಗಡಿಯಾರ ಎಂಬುದು ನನ್ನ ವಾದ. ಮೂವತ್ತು ಕಿಲೋ ತೂಗುವ ಮಿಶ್ರತಳಿ ಕರುವಿಗೆ ಅದರ ತೂಕದ ಹತ್ತನೇ ಒಂದು ಪಾಲು, ಅಂದರೆ ಮೂರು ಲೀಟರ್ ಗಿಣ್ಣು, ಹುಟ್ಟಿದ ಎರಡರಿಂದ ನಾಲ್ಕು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಒಂದೇ ಸಲಕ್ಕೆ ಕುಡಿಯದಿದ್ದರೆ ಎರಡು ಸಲ ಮಾಡಿ ಕುಡಿಸಿದರಾಯಿತು.

ಇದಕ್ಕೆ ಮೊದಲ ತಕರಾರು ಪ್ರಕೃತಿಯ ಹೆಸರಿನಲ್ಲಿ ಬರುತ್ತದೆ. ತಾಯಿಯ ಕೆಚ್ಚಲಿಗೆ ಬಿಟ್ಟರೆ ಕರು ತಾನೇ ಕುಡಿಯುತ್ತದೆ, ಬಾಟಲಿಯ ಹಂಗೇಕೆ? ಮಲೆನಾಡು ಗಿಡ್ಡ, ಹಳ್ಳಿಕಾರ್, ಅಮೃತಮಹಲ್ ಹಸುಗಳ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅವುಗಳ ಕರುಗಳು ಬೇಗ ಎದ್ದು, ಚಿಕ್ಕ ಕೆಚ್ಚಲಿಗೆ ಸುಲಭವಾಗಿ ಬಾಯಿ ಹಾಕುತ್ತವೆ. ಕರು ಮುಟ್ಟದೆ ಹಾಲನ್ನೇ ಇಳಿಸದ ಹಸುಗಳವು. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಿದ್ದುದು ಈ ನಂಟಿನ ಕಾರಣಕ್ಕೇ. ಅಲ್ಲಿ ಬಾಟಲಿ ಹಿಡಿಯುವುದು ಅನಗತ್ಯ ಶ್ರಮ. ಆದರೆ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದ ಡೇರಿ ಅಭಿವೃದ್ಧಿ ನಿಗಮ ಶುರುವಾಗಿ, 1984ರಲ್ಲಿ ಅದು ಹಾಲು ಮಹಾಮಂಡಳವಾದ ಕಾಲದುದ್ದಕ್ಕೂ ಊರೂರಿನ ಕೊಟ್ಟಿಗೆಗಳಿಗೆ ಬಂದದ್ದು ಎಚ್‌ಎಫ್ ಮತ್ತು ಜರ್ಸಿ ಮಿಶ್ರತಳಿಗಳು. ದೊಡ್ಡ ಕರು, ಕಷ್ಟದ ಹೆರಿಗೆ, ಹಲವು ಸೂಲು ಕಂಡ ಹಸುವಿನ ನೆಲಮಟ್ಟಕ್ಕೆ ಇಳಿದ ಕೆಚ್ಚಲು. ಮೊಲೆ ಹುಡುಕುತ್ತಾ ಕರು ಹೊಟ್ಟೆಯಡಿಯಲ್ಲೇ ತಡಕಾಡುತ್ತದೆ, ಗಂಟೆಗಳು ಸರಿಯುತ್ತವೆ. ಬಾಯಿ ಹಾಕಿದ್ದನ್ನು ಕಂಡ ಮನೆಯವರು ಕುಡಿಯಿತು ಎಂದು ನಿಶ್ಚಿಂತರಾಗುತ್ತಾರೆ. ಎಷ್ಟು ಕುಡಿಯಿತು ಎಂದು ಯಾರೂ ಕಂಡಿರುವುದಿಲ್ಲ. ಹಾಲಿನ ಇಳುವರಿಗೆಂದು ನಾವೇ ಬದಲಿಸಿದ ಹಸು ಇದು. ಅದರ ಕರುವನ್ನು ಪ್ರಕೃತಿಯ ಪಾಲಿಗೆ ಬಿಡುತ್ತೇವೆ ಎನ್ನುವುದು ನ್ಯಾಯವಲ್ಲ.

ಎರಡನೆಯ ತಕರಾರು ಹಳೆಯದು: ಕಸ, ಅಂದರೆ ಮಾಸು, ಬೀಳುವವರೆಗೆ ಕೆಚ್ಚಲು ಮುಟ್ಟಬಾರದು. ಇದು ಎಲ್ಲ ಊರುಗಳಲ್ಲೂ ಇದೆಯೆನ್ನಲಾರೆ, ಆದರೆ ದೇಶದ ಹಲವು ಕಡೆ ಇಂದಿಗೂ ಬಿಗಿಯಾಗಿ ನಡೆಯುವ ರೂಢಿ. ಕಸ ಬೀಳಲು ಎಂಟು ಗಂಟೆಯವರೆಗೆ, ಕೆಲವೊಮ್ಮೆ ಹನ್ನೆರಡು ಗಂಟೆಯವರೆಗೂ ಹಿಡಿಯಬಹುದು. ಕರುವಿನ ಕರುಳು ಪ್ರತಿಕಾಯಗಳನ್ನು ಬಿಟ್ಟುಕೊಳ್ಳುವ ಹೊತ್ತೂ ಅದೇ. ಹಾಗಾಗಿ ಇಷ್ಟು ಹಾನಿ ಮಾಡುವ ಇನ್ನೊಂದು ನಂಬಿಕೆ ಕೊಟ್ಟಿಗೆಯಲ್ಲಿ ಸಿಗುವುದು ಕಷ್ಟ. ಅದರ ತರ್ಕವೂ ತಲೆಕೆಳಗಾಗಿದೆ. ಕರು ಮೊಲೆ ಚೀಪಿದಾಗ, ಕೈಯಿಂದ ಕರೆದಾಗ ಹಸುವಿನ ರಕ್ತಕ್ಕೆ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಹಾಲಿಳಿಸುವ ಆ ರಸವೇ ಗರ್ಭಕೋಶವನ್ನೂ ಹಿಂಡುತ್ತದೆ. ಬೇಗ ಗಿಣ್ಣು ಕರೆದರೆ ಕಸ ಬೀಳಲು ಅನುಕೂಲವೇ ಹೊರತು ಅಡ್ಡಿಯಿಲ್ಲ. ಗಿಣ್ಣು ಹೆಚ್ಚಾದರೆ ಕರುವಿಗೆ ಭೇದಿಯಾಗುತ್ತದೆ ಎಂಬ ಮಾತಿಗೂ ಹೀಗೇ ಉತ್ತರಿಸಬಹುದು. ಗಿಣ್ಣು ಹೊಟ್ಟೆಯನ್ನು ಸಡಿಲಿಸುವುದು ನಿಜ. ಗರ್ಭದಲ್ಲಿದ್ದಾಗ ಕರುಳಲ್ಲಿ ಕಟ್ಟಿಕೊಂಡ ಕಪ್ಪು ಅಂಟುಸಗಣಿ ಹೊರಬೀಳಲು ಅದೇ ಬೇಕು. ಕರುವನ್ನು ಕೊಲ್ಲುವ ಭೇದಿ ಇ. ಕೋಲಿ, ರೋಟಾ ವೈರಸ್, ಕ್ರಿಪ್ಟೊಸ್ಪೊರಿಡಿಯಂನಂಥವುಗಳದ್ದು. ಅದು ಬರುವುದು ಕೊಳಕು ನೆಲದಿಂದ, ತೊಳೆಯದ ಬಾಟಲಿಯಿಂದ. ಅದಕ್ಕೆ ತಡೆಯಾಗಿರುವುದೇ ಗಿಣ್ಣು. ಭೇದಿಗೆ ಹೆದರಿ ಗಿಣ್ಣು ಕಡಿಮೆ ಮಾಡುವವರು ಭೇದಿಯನ್ನೇ ಕರೆದು ಕೂರಿಸುತ್ತಾರೆ. ಕರುಳು ಮುಚ್ಚಿದ ಮೇಲೂ ಗಿಣ್ಣಿನ ಪ್ರತಿಕಾಯಗಳು ಕರುಳೊಳಗೇ ಇದ್ದು ಕಾಯುವುದರಿಂದ ಮೂರು ದಿನವಾದರೂ ಅದನ್ನು ಮುಂದುವರಿಸುವುದು ಲೇಸು.

ಇನ್ನು ಬಾಟಲಿ. ಇಲ್ಲಿಯೂ ಕೆಲಸ ನಡೆಸುವುದು ಹಾಲಿನ ಪ್ರಮಾಣ ಒಂದೇ ಅಲ್ಲ. ಕರು ಚೀಪುತ್ತದೋ ಇಲ್ಲವೋ ಎಂಬುದೂ ಹೌದು. ಹುಟ್ಟಿದ ಕರುವಿನ ನಾಲ್ಕು ಹೊಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಜಾಗ ನಾಲ್ಕನೆಯದರದ್ದು. ಮೆಲುಕಿನ ದೊಡ್ಡ ಹೊಟ್ಟೆ ಇನ್ನೂ ಮುದುಡಿದ ಚೀಲ. ಕರು ಚೀಪತೊಡಗಿದೊಡನೆ ಅನ್ನನಾಳ ಮುಗಿಯುವಲ್ಲಿರುವ ಎರಡು ಮಡಿಕೆಗಳು ಬಿಗಿದು ಕೊಳವೆಯಾಗುತ್ತವೆ, ಹಾಲು ದೊಡ್ಡ ಹೊಟ್ಟೆಯನ್ನು ಬಿಟ್ಟು ನೇರ ನಾಲ್ಕನೆಯದಕ್ಕೆ ಹೋಗಿ ಅಲ್ಲಿ ಹೆಪ್ಪಾಗಿ ನಿಧಾನ ಜೀರ್ಣವಾಗುತ್ತದೆ. ಕುಡಿಯುವ ನೀರಿಗೆ ಸಾಮಾನ್ಯವಾಗಿ ಈ ದಾರಿ ತೆರೆಯುವುದಿಲ್ಲ. ಅದು ದೊಡ್ಡ ಹೊಟ್ಟೆಗೇ ಬೀಳುತ್ತದೆ, ಬೀಳಬೇಕು ಕೂಡ. ಹಾಲು ದಾರಿ ತಪ್ಪಿ ಅಲ್ಲಿಗೆ ಬಿದ್ದರೆ ಹುಳಿತು, ಹೊಟ್ಟೆ ಉಬ್ಬಿ, ಕರು ಸೊರಗುತ್ತದೆ. ಆದ್ದರಿಂದಲೇ ಗೊಟ್ಟದಲ್ಲಿ ಹಾಲು ಹೊಯ್ಯುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ದನಗಳಿಗೆ ಕಷಾಯ ಕುಡಿಸಲು ತಲೆಮಾರುಗಳಿಂದ ಬಳಸಿದ ಬಿದಿರಿನ ಗೊಟ್ಟದ ಮೇಲೆ ಗೌರವವಿದೆ. ಆದರೆ ಚೀಪದ ಕರುವಿನ ಬಾಯಿಗೆ ಅದರಲ್ಲಿ ಸುರಿದ ಹಾಲು ಶ್ವಾಸಕೋಶಕ್ಕೆ ಇಳಿಯುವ ಸಂಭವ ಬಹಳ. ಬೇಗ ಮುಗಿಯಲೆಂದು ನಿಪ್ಪಲ್‌ನ ತೂತನ್ನು ಕಾದ ಸೂಜಿಯಿಂದ ದೊಡ್ಡದು ಮಾಡುವುದೂ ಅದೇ ಅಪಾಯಕ್ಕೆ ದಾರಿ. ಕರು ನಿಂತು, ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದಂತೆ ಕತ್ತನ್ನು ಸ್ವಲ್ಪವೇ ಮೇಲೆತ್ತಿ ಚೀಪಬೇಕು. ಹಾಲು ಕರುವಿನ ಮೈಯ ಬಿಸಿಯಷ್ಟೇ, 38ರಿಂದ 39 ಡಿಗ್ರಿ, ಇರಬೇಕು. ಬಾಟಲಿಯನ್ನು ಮೊದಲು ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ ಆಮೇಲೆ ಬಿಸಿನೀರು, ಸೋಪು. ಮೊದಲೇ ಕುದಿನೀರು ಹಾಕಿದರೆ ಹಾಲಿನ ಪ್ರೋಟೀನು ಒಳಗೋಡೆಗೆ ಅಂಟಿ ಕೂರುತ್ತದೆ. ಇಷ್ಟೆಲ್ಲ ಮಾಡಿಯೂ ಭೇದಿ ಕಂಡರೆ ಹಾಲು ನಿಲ್ಲಿಸಬೇಕಿಲ್ಲ. ಹಾಲಿನ ಹೊತ್ತಿಗೆ ಹಾಲು, ನಡುವೆ ಒಂದೆರಡು ಗಂಟೆ ಬಿಟ್ಟು ಲವಣದ ನೀರು. ಕಣ್ಣು ಗುಳಿಬಿದ್ದು, ಬಾಯಿ ತಣ್ಣಗಾಗಿ, ಚೀಪುವುದನ್ನೇ ಬಿಟ್ಟ ಕರುವಿಗೆ ಮಾತ್ರ ಮನೆಮದ್ದು ಸಲ್ಲದು; ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

ಖರ್ಚಿನ ತಕರಾರನ್ನು ಹಗುರವಾಗಿ ಕಾಣುವಂತಿಲ್ಲ. ದಿನಕ್ಕೆ ಮೂರು ಲೀಟರಿನಂತೆ ಎರಡು ತಿಂಗಳಿಗೆ 180 ಲೀಟರ್. ಅಷ್ಟನ್ನೂ ಡೇರಿಗೆ ಹಾಕಿದ್ದರೆ ಬಟವಾಡೆಯಲ್ಲಿ ದುಡ್ಡಾಗಿ ಬರುತ್ತಿತ್ತು. ಎರಡು ಹಸು ಕಟ್ಟಿದ ಮನೆಗೆ ಇದು ಸಣ್ಣ ಮೊತ್ತವಲ್ಲ, ಹಾಗಾಗಿ ಕರುವಿನ ಪಾಲು ಕುಗ್ಗುತ್ತಾ ಹೋಗುವುದಕ್ಕೆ ರೈತರನ್ನು ದೂರುವುದು ಸುಲಭದ ಕೆಲಸವಷ್ಟೇ. ಈ ಹೊರೆ ಇಳಿಸುವ ದಾರಿ ಹಾಲನ್ನು ಕದಿಯುವುದರಲ್ಲಿಲ್ಲ, ಮೆಲುಕಿನ ಹೊಟ್ಟೆಯನ್ನು ಬೇಗ ಎಬ್ಬಿಸುವುದರಲ್ಲಿದೆ. ಆ ಹೊಟ್ಟೆಯ ಒಳಗೋಡೆ ಬೆಳೆಯುವುದು ಕಾಳಿನ ಆಹಾರ ಹುದುಗಿ ಬರುವ ಆಮ್ಲಗಳಿಂದ, ಮುಖ್ಯವಾಗಿ ಬ್ಯುಟೈರಿಕ್ ಆಮ್ಲದಿಂದ. ಹುಲ್ಲು ಹೊಟ್ಟೆಯನ್ನು ಹಿಗ್ಗಿಸುತ್ತದೆ, ಒಳಗೋಡೆಯನ್ನು ಅಷ್ಟು ಬೆಳೆಸುವುದಿಲ್ಲ. ಹಾಗಾಗಿ ಮೊದಲ ವಾರದಿಂದಲೇ ಒಂದು ಹಿಡಿ ಕರು ಆಹಾರ, ಪಕ್ಕದಲ್ಲಿ ಸದಾ ಶುದ್ಧ ನೀರು ಇರಬೇಕು. ಹಾಲು ಕುಡಿಯುವ ಕರುವಿಗೆ ನೀರೇಕೆ ಎನ್ನುವವರು ದೊಡ್ಡ ಹೊಟ್ಟೆಗೆ ನೀರಿಲ್ಲದೆ ಕಾಳು ಹುದುಗುವುದಿಲ್ಲ ಎಂಬುದನ್ನು ಮರೆಯುತ್ತಾರೆ. ಮೂರು ದಿನ ಸತತವಾಗಿ ಕಿಲೋದಷ್ಟು ಆಹಾರ ತಿಂದ ಕರುವಿಗೆ ಹಾಲನ್ನು ಹಂತಹಂತವಾಗಿ ಬಿಡಿಸಬಹುದು. ಕ್ಯಾಲೆಂಡರ್ ನೋಡಿ ಬಿಡಿಸುವುದು ತಪ್ಪು. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್, ಹತ್ತು ಹದಿನೈದು ದಿನಕ್ಕೆ ಜಂತುಹುಳುವಿನ ಔಷಧಿ, ಹೆಣ್ಗರುವಾದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಇವೆಲ್ಲ ಪಶು ಆಸ್ಪತ್ರೆಯಲ್ಲಿ ತಿಳಿಯುವ ಮಾತುಗಳೇ. ಕೊಳ್ಳುವವರು ಒಂದನ್ನು ಮಾತ್ರ ಮರೆಯಬಾರದು. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಗರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಬಂಜೆಯಾಗಿರುತ್ತದೆ.

ಗಂಡುಗರುವಿನ ಮುಂದೆ ಈ ಲೆಕ್ಕಾಚಾರವೆಲ್ಲ ಸೋಲುತ್ತದೆ ಎನ್ನುವವರಿದ್ದಾರೆ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಎಚ್‌ಎಫ್ ಹೋರಿಗೆ ಬೇಡಿಕೆಯಿಲ್ಲ, 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಮಾರುವ ದಾರಿಯೂ ಮುಚ್ಚಿದೆ. ಹೀಗಿರುವಾಗ ಎರಡು ತಿಂಗಳು ಹಾಲು ಕೊಟ್ಟು ಯಾರು ಸಾಕುತ್ತಾರೆ? ಆರ್ಥಿಕವಾಗಿ ಈ ಪ್ರಶ್ನೆಗೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಹೆಣ್ಗರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯ ಬಳಸುವುದು ಮುಂದಿನ ಕರುಗಳಿಗೆ ಉತ್ತರವಾದೀತು, ಈಗಾಗಲೇ ಹುಟ್ಟಿದವಕ್ಕಲ್ಲ. ಆದರೆ ಗಿಣ್ಣಿನ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಈದ ಮೊದಲ ದಿನಗಳ ಹಾಲನ್ನು ಡೇರಿ ತೆಗೆದುಕೊಳ್ಳುವುದೇ ಇಲ್ಲ. ಕರುವಿಗೆ ಕುಡಿಸಿದ ಮೂರು ಲೀಟರ್ ಗಿಣ್ಣಿನಿಂದ ಮನೆಯ ಆದಾಯ ತಗ್ಗುವುದಿಲ್ಲ. ತಗ್ಗುವುದೇನಿದ್ದರೂ ನೆಂಟರಿಗೆ ಹಂಚುವ ಗಿಣ್ಣು. ಅದೂ ತಗ್ಗಬೇಕಿಲ್ಲ. ಒಳ್ಳೆಯ ಮಿಶ್ರತಳಿ ಹಸು ಎರಡು ಮೂರು ದಿನಗಳಲ್ಲಿ ಒಂದು ಕರು ಕುಡಿಯುವುದಕ್ಕಿಂತ ಎಷ್ಟೋ ಹೆಚ್ಚು ಗಿಣ್ಣು ಕೊಡುತ್ತದೆ. ಮೊದಲ ಕರಾವು ಕರುವಿನದು, ಮಿಕ್ಕದ್ದು ಒಲೆಗೆ ಎಂಬ ಕ್ರಮವಿದ್ದರೆ ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲ ಕರುಗಳಿಗೂ ಸಲ್ಲುತ್ತದೆ.

ತಾಯಿ ಸತ್ತ ಕರುವನ್ನೋ, ಬೇರೆಯವರ ಕೊಟ್ಟಿಗೆಯಿಂದ ತಂದ ಎಳೆಗರುವನ್ನೋ ಸಾಕುವವರ ಪಾಡು ಇನ್ನೂ ಕಷ್ಟ, ಗಡಿಯಾರ ಅವರ ಕೈಯಲ್ಲಿರುವುದಿಲ್ಲ. ಅವರು ಮಾರುವವರನ್ನು ಕೇಳಬೇಕಾದದ್ದು ತಳಿ, ತೂಕಕ್ಕಿಂತ ಮೊದಲು ಇಷ್ಟು: ಗಿಣ್ಣು ಕುಡಿದಿದೆಯೇ, ಹುಟ್ಟಿದ ಎಷ್ಟು ಹೊತ್ತಿಗೆ, ಯಾರು ಕುಡಿಸಿದರು? ಉತ್ತರ ನಂಬುವಂತಿಲ್ಲದಿದ್ದರೆ ಮೊದಲ ವಾರದೊಳಗೆ ರಕ್ತ ಪರೀಕ್ಷಿಸಿ ನೋಡುವ ದಾರಿಯಿದೆ. ಸೀರಂನ ಒಟ್ಟು ಪ್ರೋಟೀನು 100 ಮಿಲಿಲೀಟರಿಗೆ 5 ಗ್ರಾಂಗಿಂತ ಕೆಳಗಿದ್ದರೆ ಗಿಣ್ಣು ಸಾಲದೇ ಹೋಗಿದೆ ಎಂದೇ ತಿಳಿದು ಹೆಚ್ಚಿನ ನಿಗಾ ಇಡಬೇಕು. ತಾಯಿ ಸತ್ತ ಕರುಗಳಿಗಾಗಿಯೇ ನಮ್ಮ ಹಾಲಿನ ಸಂಘಗಳು ಒಂದು ಸಣ್ಣ ಕೆಲಸ ಮಾಡಬಹುದು. ಹಾಲಿನ ಕೊಬ್ಬು, ಡಿಗ್ರಿ ಅಳೆಯುವ ಉಪಕರಣಗಳ ಪಕ್ಕದಲ್ಲಿ ಅಂಗೈಯಲ್ಲಿ ಹಿಡಿಯುವಂಥ ಬ್ರಿಕ್ಸ್ ಮಾಪಕವೂ ಒಂದು ಫ್ರೀಜರೂ ಇದ್ದರೆ ಸಾಕು. ಹೆಚ್ಚಾದ ಮೊದಲ ಕರಾವಿನ ಗಿಣ್ಣನ್ನು ಮಾಪಕದಲ್ಲಿ ನೋಡಿ, ಒಂದೊಂದು ಲೀಟರಿನ ಚೀಲಗಳಲ್ಲಿ ತಾರೀಖು ಬರೆದು ಹೆಪ್ಪುಗಟ್ಟಿಸಿದರೆ, ಮೈನಸ್ 20 ಡಿಗ್ರಿಯಲ್ಲಿ ಒಂದು ವರ್ಷದವರೆಗೂ ಅದರ ಪ್ರತಿಕಾಯಗಳು ಉಳಿಯುತ್ತವೆ. ಬೇಕಾದಾಗ ಚೀಲವನ್ನು 50 ಡಿಗ್ರಿ ಮೀರದ ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಒಲೆಯ ಮೇಲಿಟ್ಟರೆ ಗಿಣ್ಣಾಗುತ್ತದೆ, ಮದ್ದಾಗುವುದಿಲ್ಲ. ಗಿಣ್ಣಿನ ಮೂಲಕ ಬ್ರುಸೆಲ್ಲಾ, ಕ್ಷಯ, ಜೋನ್ಸ್ ಕಾಯಿಲೆಗಳೂ ದಾಟಬಹುದಾದ್ದರಿಂದ ಪರೀಕ್ಷೆಯಾದ ಹಸುಗಳದ್ದನ್ನೇ ತೆಗೆದಿಡಬೇಕು, ಹಲವು ಹಸುಗಳದ್ದನ್ನು ಬೆರೆಸಬಾರದು. ಬೆಳಿಗ್ಗೆ ಸಂಜೆ ಊರಿನವರು ಕ್ಯಾನು ಹಿಡಿದು ಹೇಗೂ ಅಲ್ಲಿಗೇ ಬರುತ್ತಾರೆ. ಯಾರ ಹಸು ಈಯಲಿದೆ, ಯಾರ ಮನೆಯ ಕರುವಿಗೆ ತಾಯಿಯಿಲ್ಲ ಎಂಬ ಸುದ್ದಿ ಮೊದಲು ಮುಟ್ಟುವುದೂ ಸಂಘದ ಕಾರ್ಯದರ್ಶಿಗೇ.