ಹಿಗ್ಗಿಸಿ ನೋಡಿದ ಮೂತ್ರಪಿಂಡ



ಚಿಕ್ಕ ಮಗುವೊಂದು ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿಕೊಂಡಿರುತ್ತದೆ. ಕೆಲವು ದಿನಗಳಲ್ಲಿ ಕಾಲಿಗೂ ಬಾವು ಬರುತ್ತದೆ. ಪರೀಕ್ಷಿಸಿದರೆ, ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿರುತ್ತದೆ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಸ್ಟೀರಾಯ್ಡ್ ಔಷಧಿಯಿಂದ ಚೇತರಿಸಿಕೊಳ್ಳುತ್ತಾರೆ. ಇಲ್ಲವಾದರೆ ವೈದ್ಯರು ಸೂಜಿಯಿಂದ ಮೂತ್ರಪಿಂಡದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವಿಚಿತ್ರವೆಂದರೆ, ಕೆಲವೊಮ್ಮೆ ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಆದ್ದರಿಂದಲೇ ಈ ಕಾಯಿಲೆಗೆ 'ಅತ್ಯಲ್ಪ ಬದಲಾವಣೆಯ ರೋಗ' ಎಂಬ ಹೆಸರು.

ಬದಲಾವಣೆ ಇಲ್ಲವೆಂದಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಎಟುಕುವುದಿಲ್ಲ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಸೋಸುವ ಜಾಗದಲ್ಲಿ ನವುರಾದ ರಕ್ತನಾಳಗಳನ್ನು ಪೊಡೊಸೈಟ್ ಎಂಬ ಕೋಶಗಳು ಅಪ್ಪಿಕೊಂಡಿರುತ್ತವೆ. ನಿಮ್ಮ ಎರಡು ಕೈಗಳ ಬೆರಳುಗಳನ್ನು ಹೆಣೆದು ಹಿಡಿಯಿರಿ. ಪಕ್ಕಪಕ್ಕದ ಪೊಡೊಸೈಟುಗಳ 'ಪಾದ'ಗಳು ಹೀಗೆಯೇ ಹೆಣೆದುಕೊಂಡಿರುತ್ತವೆ. ನಡುವಿನ ಸಂದು ಸುಮಾರು 40 ನ್ಯಾನೊಮೀಟರ್; ಅದಕ್ಕೆ ಅಡ್ಡಲಾಗಿ ನೆಫ್ರಿನ್ ಮೊದಲಾದ ಪ್ರೋಟೀನುಗಳ ಜಾಲರಿ. ರೋಗದಲ್ಲಿ ಈ ಪಾದಗಳು ಚಪ್ಪಟೆಯಾಗಿ ಹೆಣಿಗೆಯೇ ಅಳಿಸಿಹೋಗುತ್ತದೆ.

ರಾತ್ರಿ ಬಹು ದೂರದಲ್ಲಿ ಬರುವ ಲಾರಿಯ ಎರಡು ದೀಪಗಳು ಒಂದೇ ಎಂಬಂತೆ ತೋರುವುದಿಲ್ಲವೇ? ಹಾಗೆಯೇ, ಸುಮಾರು 250 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕಲೆತುಹೋಗುತ್ತವೆ. ಬೆಳಕಿನ ಅಲೆಗಳ ಸ್ವಭಾವವೇ ತರುವ ಈ ಮಿತಿಯನ್ನು ಜರ್ಮನಿಯ ಅರ್ನ್‌ಸ್ಟ್ ಅಬ್ಬೆ 1873ರಲ್ಲೇ ತಿಳಿಸಿದ್ದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದನ್ನು ದಾಟುತ್ತದೆ, ಆದರೆ ದುಬಾರಿ.

2015ರಲ್ಲಿ ಅಮೆರಿಕದ ಎಂ.ಐ.ಟಿ.ಯ ಫೆಯ್ ಚೆನ್, ಪಾಲ್ ಟಿಲ್‌ಬರ್ಗ್ ಮತ್ತು ಎಡ್ವರ್ಡ್ ಬಾಯ್ಡನ್ ಬೇರೆಯೇ ದಾರಿ ಹಿಡಿದರು. ಮಸೂರವನ್ನು ಬಿಟ್ಟು, ನೋಡುವ ವಸ್ತುವನ್ನೇ ದೊಡ್ಡದು ಮಾಡಿದರೆ? ಅವರು ಆರಿಸಿಕೊಂಡದ್ದು ಎಳೆಮಕ್ಕಳ ಡಯಾಪರಿನಲ್ಲಿ ನೀರು ಹೀರುವ ಸೋಡಿಯಂ ಪಾಲಿಅಕ್ರಿಲೇಟ್.

ಮೊದಲು, ಬೇಕಾದ ಪ್ರೋಟೀನಿಗೆ ಪ್ರತಿಕಾಯಗಳ ಮೂಲಕ ಹೊಳೆಯುವ ಬಣ್ಣ ಹಚ್ಚುತ್ತಾರೆ. ಅಂಗಾಂಶದ ಒಳಗೆಲ್ಲ ಜೆಲ್ ಹೆಪ್ಪುಗಟ್ಟಿಸಿ ಬಣ್ಣದ ಅಣುಗಳನ್ನು ಅದರ ಎಳೆಗಳಿಗೆ ಕಟ್ಟಿಹಾಕುತ್ತಾರೆ. ಬಳಿಕ ಕಿಣ್ವದಿಂದ ಅಂಗಾಂಶದ ಬಿಗಿಯನ್ನು ಸಡಿಲಿಸಿ ಶುದ್ಧ ನೀರಿನಲ್ಲಿಡುತ್ತಾರೆ. ಎಳೆಗಳ ಮೇಲಿನ ಋಣ ವಿದ್ಯುದಂಶಗಳು ಒಂದನ್ನೊಂದು ದೂಡುತ್ತವೆ, ನೀರು ಒಳನುಗ್ಗುತ್ತದೆ, ಚೂರು ಪ್ರತಿ ದಿಕ್ಕಿಗೂ ಸುಮಾರು ನಾಲ್ಕೂವರೆ ಪಟ್ಟು ಹಿಗ್ಗುತ್ತದೆ. ಬಲೂನಿನ ಮೇಲೆ ಪೆನ್ನಿನಿಂದಿಟ್ಟ ಚುಕ್ಕೆಗಳು ಊದಿದಾಗ ದೂರ ಸರಿಯುವುದನ್ನು ನೀವು ಬಲ್ಲಿರಿ. 40 ನ್ಯಾನೊಮೀಟರಿನ ಸಂದು ಹಿಗ್ಗಿದರೂ 180 ಮಾತ್ರ. ಅದರ ಒಳಜಾಲರಿ ಇನ್ನೂ ಕಾಣದು. ಆದರೆ ಒಂದು ಸಂದಿನಿಂದ ಮುಂದಿನದಕ್ಕಿರುವ ಅಂತರ, ಎಂದರೆ ಪಾದದ ಅಗಲ, ಸ್ಪಷ್ಟವಾಗುತ್ತದೆ. ವೈದ್ಯರಿಗೆ ಬೇಕಾದದ್ದೂ ಅದೇ. ಬಾಯ್ಡನ್ ಮತ್ತು ಸಂಗಡಿಗರು 2017ರಲ್ಲಿ ರೋಗಿಗಳ ಚೂರುಗಳಿಗೂ ಈ ವಿಧಾನವನ್ನು ಹೊಂದಿಸಿ, ಅಳಿದ ಪಾದಗಳನ್ನು ಬೆಳಕಿನ ಸೂಕ್ಷ್ಮದರ್ಶಕದಲ್ಲೇ ತೋರಿಸಿದರು.

ತೊಡಕುಗಳೂ ಉಂಟು. ಚೂರಿನ ಘನಗಾತ್ರ ಸುಮಾರು 90 ಪಟ್ಟಾಗುವುದರಿಂದ, ಇದ್ದಷ್ಟೇ ಬಣ್ಣ ಹರಡಿ ಮಂಕಾಗುತ್ತದೆ. ಕಿಣ್ವದ ಕೆಲಸ ಸಾಲದಿದ್ದರೆ ಗಟ್ಟಿ ಕೊಲಾಜೆನ್ ಎಳೆಗಳು ಎಳೆದು ಹಿಡಿದು ಚೂರು ಬಿರಿಯುತ್ತದೆ. ಕಂಡ ಬಿರುಕು ಕಾಯಿಲೆಯದೋ ನಮ್ಮ ಕೈಯದೋ ತಿಳಿಯದು! ಆದ್ದರಿಂದ ಹಿಗ್ಗಿಸುವ ಮೊದಲೂ ಒಂದು ಚಿತ್ರ ತೆಗೆದು ಹೋಲಿಸುತ್ತಾರೆ.

ಹೊಸ ಡಯಾಪರನ್ನು ಹರಿದು, ಒಳಗಿನ ಪುಡಿಯನ್ನು ಕಣ್ಣಿಗೆ ಹಾರದಂತೆ ಲೋಟಕ್ಕೆ ಉದುರಿಸಿ ನೀರು ಹಾಕಿ. ಅದು ಉಬ್ಬಿ ಗಟ್ಟಿಯಾದ ಮೇಲೆ ಒಂದು ಚಮಚ ಉಪ್ಪು ಬೆರೆಸಿ. ಉಬ್ಬಿದ್ದು ಕುಸಿದು ನೀರು ಬಿಡುತ್ತದೆ. ಪ್ರಯೋಗಾಲಯದಲ್ಲಿ ಲವಣವಿಲ್ಲದ ನೀರನ್ನೇ ಬಳಸುವುದು ಇದಕ್ಕಾಗಿ.