ಬೇಸಿಗೆ ಕೈತೋಟಕ್ಕೆ ಸಸಿ: ಕೊಳ್ಳುವ ಮುನ್ನ, ನೆಡುವ ಮುನ್ನ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಯಿತೆಂದರೆ ಹೊಳಲ್ಕೆರೆ ಸೀಮೆಯ ಸಂತೆಗಳಲ್ಲಿ ಸಸಿ ಮಾರುವವರು ಕಾಣಿಸಿಕೊಳ್ಳುತ್ತಾರೆ. ಒದ್ದೆ ಗೋಣಿತಾಟಿನ ಮೇಲೆ ಬದನೆ, ಮೆಣಸಿನಕಾಯಿ, ಟೊಮೇಟೊ ಸಸಿಗಳ ಕಟ್ಟುಗಳು ಹಚ್ಚಗೆ ಕೂತಿರುತ್ತವೆ. ಸಂತೆ ಮುಗಿಸಿ ಹೊರಟವರು ಹತ್ತಿಪ್ಪತ್ತು ರೂಪಾಯಿ ಕೊಟ್ಟು ಒಂದು ಕಟ್ಟು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಹೋದರೆ ಹತ್ತಿಪ್ಪತ್ತು ರೂಪಾಯಿ ತಾನೇ ಎಂದು ತಾವು ಹೇಳಬಹುದು. ಆದರೆ ಕೆಟ್ಟ ಸಸಿಯ ಬೆಲೆ ಆ ಹತ್ತಿಪ್ಪತ್ತು ರೂಪಾಯಿಯಲ್ಲ. ಆ ಸಸಿಗೆ ಎರಡು ತಿಂಗಳು ಹೊತ್ತು ಹಾಕಿದ ನೀರೇ ಅದರ ಬೆಲೆ. ನಮ್ಮ ಕಡೆ ಮಾರ್ಚ್, ಏಪ್ರಿಲ್ ತಿಂಗಳ ನೀರಿನ ಬೆಲೆ ಎಷ್ಟೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾಳ್ಯ ಹೋಬಳಿಯ ಒಂದು ಹಳ್ಳಿಯ ಹೆಣ್ಣುಮಕ್ಕಳ ಸಂಘಕ್ಕೆ ಕೈತೋಟ ಮಾಡಿಸುವ ಉತ್ಸಾಹ ನನಗೆ ಬಂತು. ಒಂದು ನರ್ಸರಿಯಿಂದ ಐನೂರು ಟೊಮೇಟೊ ಸಸಿ ತರಿಸಿ ಮನೆಮನೆಗೆ ಹಂಚಿದೆ. ಸಸಿಗಳು ಗೇಣಿಗಿಂತ ಎತ್ತರವಾಗಿ ನೋಡಲು ಚೆನ್ನಾಗಿದ್ದವು. ನೆಟ್ಟದ್ದು ಮಾರ್ಚ್ ಮೊದಲ ವಾರ. ಮೂರು ವಾರಕ್ಕೆ ತುದಿ ಎಲೆಗಳು ಮುದುಡಿ, ಹಳದಿಗಟ್ಟಿ, ಗಿಡ ಕುಳ್ಳಾಗಿ ನಿಂತುಬಿಟ್ಟಿತು. ಎಲೆ ಮುದುಡುವ ನಂಜು ರೋಗ ಸಸಿಯ ಜೊತೆಯಲ್ಲೇ ಬಂದಿತ್ತು. ಆ ಹೆಂಗಸರು ಬೋರಿನ ಕೈಪಂಪಿನಿಂದ ನಲವತ್ತು ದಿನ ಕೊಡ ಹೊತ್ತಿದ್ದರು. ಕೈಗೆ ಬಂದದ್ದು ಗೋಲಿ ಗಾತ್ರದ ನಾಲ್ಕು ಕಾಯಿ. ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಒಬ್ಬ ಅಜ್ಜಿ ಮಾತ್ರ, "ಸಾಹೇಬ್ರೇ, ಮುಂದಿನ ಸಲ ಬೀಜ ತಂದ್ಕೊಡಿ ಸಾಕು, ಸಸಿ ನಾವೇ ಮಾಡ್ಕೊತೀವಿ" ಎಂದರು. ಈ ಲೇಖನದ ಅರ್ಧಭಾಗ ಆ ಅಜ್ಜಿಯ ಮಾತಿನ ವಿವರಣೆ ಎಂದು ತಿಳಿಯಿರಿ.

ಮೊದಲು ಕೊಡ ಎಣಿಸಿ

ಬೇಸಿಗೆ ಕೈತೋಟಕ್ಕೆ ಜಾಗ ಎಷ್ಟಿದೆ ಎಂದು ನೋಡುವುದಕ್ಕಿಂತ ದಿನಕ್ಕೆ ಎಷ್ಟು ಕೊಡ ನೀರು ಬಿಡಬಹುದು ಎಂದು ನೋಡಬೇಕು. ಬಿಸಿಲಿನ ದಿನಗಳಲ್ಲಿ ಬದನೆ, ಮೆಣಸಿನಂಥ ಒಂದು ಗಿಡಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ನೀರು ಬೇಕು. ಕೊಡಕ್ಕೆ 15 ಲೀಟರ್ ಎಂದು ಹಿಡಿದರೆ ಒಂದು ಕೊಡಕ್ಕೆ ಹತ್ತು ಗಿಡ. ಕಾಯಿ ಬಿಡುವ ಹೀರೆ, ಸೋರೆ ಬಳ್ಳಿಗೆ ಇದರ ಮೂರುಪಟ್ಟು ಬೇಕಾಗುತ್ತದೆ. ನಾಲ್ಕು ಕೊಡ ನೀರು ಇರುವವರು ನಲವತ್ತು ಗಿಡಕ್ಕೆ ನಿಲ್ಲಬೇಕು. ಸಸಿ ಅಗ್ಗವೆಂದು ನೂರು ನೆಟ್ಟರೆ ನೂರೂ ಅರೆಜೀವವಾಗಿ ಒಂದೂ ಫಲ ಕೊಡುವುದಿಲ್ಲ.

ಬಚ್ಚಲು ನೀರು ಇದೆಯಲ್ಲ ಎಂದು ಕೇಳುವವರುಂಟು. ಸ್ನಾನದ ನೀರು, ಅಕ್ಕಿ ಬೇಳೆ ತೊಳೆದ ನೀರು ಧಾರಾಳವಾಗಿ ಬಳಸಿ. ಬಟ್ಟೆ ಒಗೆದ ಸೋಪಿನಪುಡಿ ನೀರನ್ನು ಬಾಳೆ, ತೆಂಗಿನ ಬುಡಕ್ಕೆ ಬಿಡಿ. ಸೊಪ್ಪಿನ ಮಡಿಗೆ ಬೇಡ.

ಯಾವುದನ್ನು ನೆಡಬೇಕು, ಯಾವುದನ್ನು ಬಿಡಬೇಕು

ಬಿಸಿಲು 35 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಟೊಮೇಟೊ ಹೂ ಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ, ಹೂವೆಲ್ಲ ಉದುರುತ್ತದೆ. ಮೇಲಾಗಿ ನಂಜು ಹರಡುವ ಬಿಳಿ ನೊಣದ ಹಾವಳಿ ಒಣ ಬೇಸಿಗೆಯಲ್ಲೇ ಹೆಚ್ಚು. ಆದ್ದರಿಂದ ಟೊಮೇಟೊ ನೆಡುವವರು ಜನವರಿ ಕೊನೆಯೊಳಗೆ ನೆಟ್ಟು ಮುಗಿಸಬೇಕು. ಶಿವರಾತ್ರಿಯ ನಂತರ ಟೊಮೇಟೊ ಸಸಿ ಕೊಳ್ಳುವುದು ಜೂಜಾಟ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಕೇ ಬೇಕೆನ್ನುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ ತರಿಸಿಕೊಳ್ಳಿ. ಎಲೆ ಮುದುಡು ನಂಜು, ದುಂಡಾಣು ಸೊರಗು ರೋಗ, ಎಲೆಚುಕ್ಕೆ ಮೂರನ್ನೂ ಮಟ್ಟಿಗೆ ತಡೆಯುವಂತೆ ಅದನ್ನು ರೂಪಿಸಲಾಗಿದೆ. ಆದರೆ ಅದು ಮಿಶ್ರತಳಿ. ಅದರ ಹಣ್ಣಿನ ಬೀಜ ಒಣಗಿಸಿಟ್ಟು ಮರುವರ್ಷ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಬದನೆ, ಮೆಣಸಿನಕಾಯಿ ಬಿಸಿಲು ತಡೆಯುತ್ತವೆ. ಸಸಿ ನೆಡಲು ಇವೇ ಯೋಗ್ಯ. ಹೀರೆ, ಹಾಗಲ, ಸೋರೆ, ಸೌತೆ, ಕುಂಬಳ ಬೇಸಿಗೆಯ ಬಳ್ಳಿಗಳು. ಬೆಂಡೆ, ಗೋರಿಕಾಯಿ, ಅಲಸಂದೆ ಮತ್ತು ದಂಟು, ಹರಿವೆಯಂಥ ಸೊಪ್ಪುಗಳಿಗೆ ಸಸಿ ಬೇಡವೇ ಬೇಡ, ಬೀಜವನ್ನೇ ನೇರವಾಗಿ ಹಾಕಬೇಕು. ಬೆಂಡೆಗೆ ಹಳದಿ ನಂಜು ಹೆಚ್ಚಾಗಿ ಬರುವ ಕಡೆ ಅರ್ಕಾ ಅನಾಮಿಕಾ ತಳಿ ಒಳ್ಳೆಯದು. ಎಲೆಕೋಸು, ಹೂಕೋಸು, ಗಜ್ಜರಿಗಳ ಆಸೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಸಸಿ ಆಯುವ ಬಗೆ

ಸಂತೆಯಲ್ಲಿ ಎತ್ತರದ ಸಸಿಗೆ ಗಿರಾಕಿ ಹೆಚ್ಚು. ಇದು ತಪ್ಪು. ಒತ್ತಾಗಿ ಬಿತ್ತಿದ, ನೆರಳಲ್ಲಿ ಬೆಳೆದ, ಯೂರಿಯಾ ತಿಂದ ಸಸಿ ಎತ್ತರವಾಗಿ, ಕಾಂಡ ಸಣಕಲಾಗಿ, ತಿಳಿಹಸಿರಾಗಿರುತ್ತದೆ. ನಮ್ಮ ಬಿಸಿಲಿಗೆ ಅದು ನಿಲ್ಲುವುದಿಲ್ಲ. ನಾಲ್ಕರಿಂದ ಆರು ಅಂಗುಲ ಎತ್ತರ, ಐದಾರು ಎಲೆ, ದಪ್ಪನೆಯ ಗಟ್ಟಿ ಕಾಂಡ ಇರುವ ಗಿಡ್ಡ ಸಸಿಯನ್ನೇ ಆರಿಸಿ. ಆಗಲೇ ಹೂವು ಬಿಟ್ಟ ಸಸಿ ವಯಸ್ಸು ಮೀರಿದ್ದು. ಮಾರುವವರು "ಬೇಗ ಕಾಯಿ ಬಿಡುತ್ತೆ" ಎಂದರೂ ಬಿಟ್ಟುಬಿಡಿ. ಟೊಮೇಟೊ ಸಸಿಗೆ 25ರಿಂದ 30 ದಿನ, ಬದನೆಗೆ 30ರಿಂದ 35 ದಿನ, ಮೆಣಸಿಗೆ ಸುಮಾರು 40 ದಿನ ತಕ್ಕ ವಯಸ್ಸು.

ಇನ್ನು ಎಲೆಯನ್ನು ಮಗುಚಿ ನೋಡಿ. ಅಡಿಯಲ್ಲಿ ಹಿಟ್ಟು ಉದುರಿಸಿದಂತೆ ಸಣ್ಣ ಬಿಳಿ ನೊಣಗಳು ಇದ್ದರೆ, ಕಟ್ಟನ್ನು ತಟ್ಟಿದಾಗ ಅವು ಮೇಲೆದ್ದರೆ, ಆ ಸಸಿ ಬೇಡ. ಮೆಣಸಿನ ಎಲೆ ದೋಣಿಯಂತೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದ್ದರೆ ನುಸಿ ಹತ್ತಿದೆ ಎಂದು ಅರ್ಥ. ಕಾಂಡ ಮಣ್ಣಿಗೆ ತಾಗುವಲ್ಲಿ ಕಂದಾಗಿ ಸೊರಗಿದ್ದರೆ ಬುಡಕೊಳೆ. ಕೊನೆಗೆ ಒಂದು ಸಸಿಯ ಬೇರನ್ನು ನೀರಿನಲ್ಲಿ ಅದ್ದಿ ತೆಗೆಯಿರಿ. ಬೇರು ಬೆಳ್ಳಗೆ, ಎಳೆಎಳೆಯಾಗಿರಬೇಕು. ಸಾಸಿವೆ ಕಾಳಿನಂತೆ ಗಂಟು ಕಂಡರೆ ಅದು ಜಂತುಹುಳು. ಅಂಥ ಸಸಿ ತಂದರೆ ಹುಳು ನಿಮ್ಮ ಹಿತ್ತಲಿಗೆ ಬಂದು ವರ್ಷಗಟ್ಟಲೆ ಉಳಿಯುತ್ತದೆ. ಇಷ್ಟೆಲ್ಲ ನೋಡುತ್ತ ಕೂತರೆ ಮಾರುವವನು ಸಿಡುಕುವುದು ಸಹಜ. ಸಿಡುಕಲಿ. ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ?

ಕುಳಿ ತಟ್ಟೆಯಲ್ಲಿ ತೆಂಗಿನನಾರಿನ ಪುಡಿ ತುಂಬಿ ಬೆಳೆಸಿದ ಸಸಿಗಳು ಈಗ ಎಲ್ಲೆಡೆ ಸಿಗುತ್ತವೆ. ಬೇರು ಹರಿಯದೆ ಬರುವುದರಿಂದ ಕಟ್ಟಿನ ಸಸಿಗಿಂತ ಇವು ಖಂಡಿತ ಮೇಲು. ಬೆಲೆ ಸ್ವಲ್ಪ ಹೆಚ್ಚಾದರೂ ಬೇಸಿಗೆಗೆ ಇವನ್ನೇ ಕೊಳ್ಳಿ. ತಳಿಯ ಹೆಸರು, ಬಿತ್ತಿದ ದಿನ ಕೇಳಿ ಬರೆದುಕೊಳ್ಳಿ. ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ತಳಿಯ ಬಗ್ಗೆ ಸರಿಯಾದ ಸಲಹೆ ದೊರೆಯುತ್ತದೆ.

ಅಜ್ಜಿ ಹೇಳಿದ ದಾರಿ

ಮಾರನೆಯ ವರ್ಷ ಅದೇ ಸಂಘಕ್ಕೆ ಬೀಜ ಕೊಟ್ಟೆವು. ಒಂದು ಗ್ರಾಂ ಟೊಮೇಟೊ ಬೀಜದಲ್ಲಿ ಮುನ್ನೂರರಷ್ಟು ಕಾಳುಗಳಿರುತ್ತವೆ. ಹತ್ತು ಮನೆಗೆ ಅದೇ ಸಾಕು. ಮೂರಡಿ ಅಗಲದ ಮಡಿಯನ್ನು ಅರ್ಧ ಅಡಿ ಏರಿಸಿ, ಮಸಾರಿ ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮವಾಗಿ ಬೆರೆಸಿದೆವು. ಟ್ರೈಕೊಡರ್ಮ ಪುಡಿ ಸಿಕ್ಕರೆ ಗೊಬ್ಬರದೊಂದಿಗೆ ಕಲಸಿ. ಬುಡಕೊಳೆಗೆ ಅದು ಒಳ್ಳೆಯ ತಡೆ. ಬೆರಳಗಲದ ಅಂತರದಲ್ಲಿ ಗೀರು ಎಳೆದು ಬೀಜವನ್ನು ತೆಳುವಾಗಿ ಉದುರಿಸಿ, ಪುಡಿಗೊಬ್ಬರ ಮುಚ್ಚಿ, ಮೇಲೆ ರಾಗಿಹುಲ್ಲು ಹರಡಬೇಕು. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯತಕ್ಕದ್ದು. ಒಂದು ದಿನ ತಡಮಾಡಿದರೂ ಮೊಳಕೆ ಬಿಳಚಿ ಉದ್ದವಾಗುತ್ತದೆ.

ಮುಖ್ಯವಾದದ್ದು ಇನ್ನು ಮುಂದಿನ ಕೆಲಸ. ಬಿಳಿ ನೊಣ ಒಳಗೆ ಬಾರದಂತೆ ಮಡಿಯ ಮೇಲೆ ಬಿದಿರ ದಬ್ಬೆ ಬಾಗಿಸಿ, 40ರಿಂದ 50 ಮೆಷ್‌ನ ನೈಲಾನ್ ಬಲೆ ಹೊದಿಸಬೇಕು. ಸೊಳ್ಳೆ ಪರದೆಯ ತೂತು ದೊಡ್ಡದು, ನೊಣ ನುಸುಳುತ್ತದೆ. ಬಲೆ ಸಿಗದ ಆ ಹಳ್ಳಿಯಲ್ಲಿ ಹೆಂಗಸರು ಹಳೆಯ ತೆಳು ವಾಯಿಲ್ ಸೀರೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿದರು. ನೀರನ್ನು ಬಟ್ಟೆಯ ಮೇಲಿಂದಲೇ ಚಿಮುಕಿಸಿದರು. ಆ ವರ್ಷವೂ ಎಲ್ಲ ಗಿಡ ಉಳಿಯಲಿಲ್ಲ. ಟೊಮೇಟೊದಲ್ಲಿ ಮೂರರಲ್ಲೊಂದು ಪಾಲು ಆಮೇಲೆ ಮುದುಡಿತು. ಆದರೆ ಉಳಿದದ್ದು ಕಾಯಿ ಬಿಟ್ಟಿತು. ಬದನೆ, ಮೆಣಸು ಮನೆಗೆ ಸಾಲುವಷ್ಟು ಬಂತು. ಸಸಿ ಎಳೆಯದಿದ್ದಾಗ ನಂಜು ತಗುಲಿದರೆ ಫಸಲೇ ಇಲ್ಲ, ಬೆಳೆದ ಮೇಲೆ ತಗುಲಿದರೆ ಅರ್ಧವಾದರೂ ಕೈಗೆ ಸಿಗುತ್ತದೆ. ಮೊದಲ ತಿಂಗಳು ಕಾಯುವುದೇ ಕೆಲಸ.

ಬಳ್ಳಿ ತರಕಾರಿಗಳಿಗೆ ಬೇರು ಅಲುಗಿದರೆ ಆಗದು. ನಮ್ಮಲ್ಲಿ ತೆಂಗಿನ ಚಿಪ್ಪಿಗೇನು ಬರವೇ? ಚಿಪ್ಪಿನ ಕಣ್ಣು ತೂತು ಮಾಡಿ, ಮಣ್ಣು ಗೊಬ್ಬರ ತುಂಬಿ, ಎರಡೆರಡು ಬೀಜ ಊರಿ. ಹದಿನೈದು ದಿನಕ್ಕೆ ಎರಡು ಎಲೆ ಬಂದಾಗ ಮಣ್ಣಿನ ಹೆಂಟೆ ಒಡೆಯದಂತೆ ಬಿಡಿಸಿ ಗುಂಡಿಗೆ ಇಳಿಸಿ.

ನೆಡುವ ದಿನ

ನೆಡುವ ಒಂದು ವಾರ ಮೊದಲೇ ಮಡಿಗೆ ನೀರು ಕಡಿಮೆ ಮಾಡುತ್ತ ಬಂದರೆ ಸಸಿ ಗಟ್ಟಿಯಾಗುತ್ತದೆ. ಕೀಳುವ ದಿನ ಮಾತ್ರ ಚೆನ್ನಾಗಿ ನೀರು ಹಾಯಿಸಿ. ಬೇಸಿಗೆಯಲ್ಲಿ ದಿಬ್ಬದ ಮೇಲೆ ನೆಡಬೇಡಿ. ಅಂಗೈ ಆಳದ ತಗ್ಗು ಗುಂಡಿಯಲ್ಲಿ ನೆಟ್ಟರೆ ನೀರು ಬುಡದಲ್ಲೇ ನಿಲ್ಲುತ್ತದೆ. ಗುಂಡಿಗೆ ಎರಡು ಬೊಗಸೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಗೊಬ್ಬರ ಹಸಿಯಾಗಿದ್ದರೆ ಗೆದ್ದಲನ್ನು ಕೈಬೀಸಿ ಕರೆದಂತೆ. ಅಡಿಯಲ್ಲಿ ತೆಂಗಿನ ಮಟ್ಟೆಯ ನಾರನ್ನು ಒಂದು ಪದರ ಹಾಸಿದರೆ ತೇವ ಹಿಡಿದಿಡುತ್ತದೆ.

ಬಿಸಿಲು ಇಳಿದ ಮೇಲೆ, ನಾಲ್ಕೂವರೆ ನಂತರವೇ ನೆಡಿ. ಬದನೆಗೆ ಎರಡಡಿ, ಮೆಣಸು ಟೊಮೇಟೊಗೆ ಒಂದೂವರೆ ಅಡಿ ಅಂತರ ಸಾಕು. ಟೊಮೇಟೊ ಸಸಿ ಉದ್ದವಾಗಿದ್ದರೆ ಕೆಳಗಿನ ಎಲೆ ಕಿತ್ತು ಕಾಂಡವನ್ನೂ ಆಳಕ್ಕೆ ಹೂಳಬಹುದು. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಬದನೆ, ಮೆಣಸಿಗೆ ಈ ಲೆಕ್ಕ ನಡೆಯದು, ಮಡಿಯಲ್ಲಿದ್ದಷ್ಟೇ ಆಳಕ್ಕೆ ನೆಡಬೇಕು. ನೆಟ್ಟ ನಾಲ್ಕೈದು ದಿನ ಪಶ್ಚಿಮದ ಬಿಸಿಲಿಗೆ ಮರೆ ಬೇಕು. ಅಡಿಕೆ ತೋಟ ಇರುವವರಿಗೆ ಹಾಳೆಗಿಂತ ಒಳ್ಳೆಯ ಕೊಡೆ ಬೇರೆ ಇಲ್ಲ. ಒಂದೊಂದು ತುಂಡನ್ನು ಸಸಿಯ ಪಕ್ಕಕ್ಕೆ ಓರೆಯಾಗಿ ಚುಚ್ಚಿದರೆ ಆಯಿತು. ಬುಡಕ್ಕೆ ಶೇಂಗಾ ಹೊಟ್ಟೋ ಒಣ ತರಗೋ ಎರಡು ಅಂಗುಲ ಹೊದಿಸಿ. ಹೀರೆ, ಸೋರೆ ಗುಂಡಿಯ ಪಕ್ಕ ಹಳೆ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ತುರುಕಿ, ಕತ್ತಿನವರೆಗೆ ಹೂತು ನೀರು ತುಂಬಿಸಿ. ಎರಡು ದಿನಕ್ಕೊಮ್ಮೆ ತುಂಬಿದರೆ ಸಾಕು, ನೀರು ಬೇರಿಗೇ ಇಳಿಯುತ್ತದೆ.

ಮೇಕೆ, ಕೋಳಿಗಳ ವಿಷಯ ಬರೆಯುವ ಅಗತ್ಯವಿಲ್ಲ. ಜಾಲಿಮುಳ್ಳಿನ ಬೇಲಿ ಮೊದಲು, ಸಸಿ ಆಮೇಲೆ.

ಒಗ್ಗರಣೆಗೂ ಮನೆಮದ್ದಿಗೂ

ಸೊಪ್ಪು ಸದೆಗಳಿಗೆ ದುಡ್ಡು ಕೊಡುವುದೇ ಬೇಡ. ಸಂತೆಯಿಂದ ತಂದ ಪುದೀನದಲ್ಲಿ ಬೇರಿರುವ ಕಡ್ಡಿಗಳನ್ನು ಬಚ್ಚಲ ಪಕ್ಕದ ನೆರಳಿನಲ್ಲಿ ಊರಿದರೆ ಹತ್ತು ದಿನಕ್ಕೆ ಚಿಗುರುತ್ತದೆ. ದೊಡ್ಡಪತ್ರೆಗೆ ಒಂದು ಗೇಣು ಕಡ್ಡಿ, ಮಜ್ಜಿಗೆಹುಲ್ಲಿಗೆ ಒಂದು ಬೇರುಸಹಿತ ಸೀಳು, ಒಂದೆಲಗಕ್ಕೆ ಅಡಿಕೆ ತೋಟದ ಕಾಲುವೆ ಬದಿಯ ಒಂದು ಬಳ್ಳಿ ಸಾಕು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಆಯುರ್ವೇದ ಕಂಡ ತಾಲ್ಲೂಕಿನವರಿಗೆ ಈ ಗಿಡಗಳ ಉಪಯೋಗವನ್ನು ನಾನು ಹೇಳಹೊರಟರೆ ಉದ್ಧಟತನವಾದೀತು. ಕೊತ್ತಂಬರಿ ಬಿಸಿಲಿಗೆ ಬೇಗ ಹೂ ಬಿಟ್ಟು ಕೆಡುತ್ತದೆ. ಬೀಜವನ್ನು ಎರಡು ಹೋಳಾಗುವಂತೆ ಉಜ್ಜಿ, ರಾತ್ರಿ ನೆನೆಸಿ, ತೆಂಗಿನ ನೆರಳಿನಲ್ಲಿ ಹಾಕಿ. ಮೆಂತ್ಯ 25 ದಿನಕ್ಕೆ ಕೀಳಲು ಬರುತ್ತದೆ.

ಕರಿಬೇವಿಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಹಣ್ಣಾದ ಬೀಜದ ಸಿಪ್ಪೆ ತಿರುಳು ತೆಗೆದು ಮೂರು ನಾಲ್ಕು ದಿನದೊಳಗೆ ಬಿತ್ತದಿದ್ದರೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಒಣಗಿಸಿಟ್ಟ ಬೀಜ ಬಿತ್ತಿ ಮೊಳೆಯಲಿಲ್ಲ ಎಂದು ದೂರುವವರನ್ನು ಪ್ರತಿವರ್ಷ ಕಾಣುತ್ತೇನೆ. ಹಳೆ ಗಿಡದ ಬೇರಿನಿಂದ ಎದ್ದ ಮರಿಯನ್ನು ಬೇರುಸಹಿತ ಬಿಡಿಸಿ ನೆಡುವುದು ಸುಲಭ; ಆದರೆ ಅದನ್ನು ಬೇಸಿಗೆಯಲ್ಲಲ್ಲ, ಮಳೆ ಹಿಡಿದ ಮೇಲೆ ಮಾಡಿ.

ಆಮೇಲಿನ ಆರೈಕೆ

ಮನೆ ತಿನ್ನುವ ಗಿಡಕ್ಕೆ ಘಾಟು ವಿಷ ಸಿಂಪಡಿಸಬೇಡಿ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಎಲೆಯ ಅಡಿಭಾಗ ನೆನೆಯುವಂತೆ ಸಂಜೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ ಸಾಕು. ಹಳದಿ ಬಣ್ಣ ಬಳಿದ ಡಬ್ಬಿಯ ತಗಡಿಗೆ ಹರಳೆಣ್ಣೆ ಸವರಿ ಗಿಡದೆತ್ತರಕ್ಕೆ ಕಟ್ಟಿದರೆ ಬಿಳಿ ನೊಣ ಅಂಟಿಕೊಳ್ಳುತ್ತದೆ. ಮುದುಡಿದ ಗಿಡ ಕಂಡೊಡನೆ ಕಿತ್ತು ಸುಡಿ. ಸಾಕಿದ ಗಿಡ ಕೀಳಲು ಕೈ ಬಾರದು, ನಿಜ. ಅದೊಂದನ್ನು ಉಳಿಸಿದರೆ ಉಳಿದ ಒಂಬತ್ತಕ್ಕೂ ರೋಗ. ಬದನೆಯ ಕುಡಿ ಬಾಡಿ ಜೋತುಬಿದ್ದರೆ ಒಳಗೆ ಕೊರಕ ಹುಳು ಇದೆ. ಕುಡಿಯನ್ನು ಒಂದಂಗುಲ ಕೆಳಗೆ ಚಿವುಟಿ ಬೆಂಕಿಗೆ ಹಾಕಿ.

ಏಪ್ರಿಲ್ ಕೊನೆಗೆ ಭರಣಿ ಮಳೆ ಹೂಡುತ್ತದೆ. ಆ ಹೊತ್ತಿಗೆ ತಗ್ಗಿನಲ್ಲಿ ನೆಟ್ಟ ಗಿಡಗಳಿಗೆ ಮಣ್ಣು ಏರಿಸಿ ದಿಬ್ಬ ಮಾಡಿಬಿಡಿ, ಇಲ್ಲವಾದರೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಗಾಳಿಗೆ ಮೊದಲೇ ಟೊಮೇಟೊ, ಬದನೆಗಳಿಗೆ ಊರುಗೋಲು ಕಟ್ಟಿ. ಆಲಿಕಲ್ಲು ಬಿದ್ದು ಎಲೆ ಹರಿದರೂ ಬದನೆ ಗಿಡವನ್ನು ಕಿತ್ತೆಸೆಯಬೇಡಿ. ಗೇಣುದ್ದ ಬಿಟ್ಟು ಮೇಲೆ ಸವರಿ, ಬುಡಕ್ಕೆ ಎರಡು ಬೊಗಸೆ ಗೊಬ್ಬರ ಕೊಟ್ಟರೆ ಮುಂಗಾರಿಗೆ ಮತ್ತೆ ಕಾಯಿ ಬಿಡುತ್ತದೆ.